ನಕ್ಷೆಯನ್ನೂ ಅನುಮಾನಿಸುವವರು
ಇಂಗ್ಲೆಂಡಿನ ಹವ್ಯಾಸಿಗಳು ಮನೆಯ ಹಿಂದಿನ ಶೆಡ್ಡಿನಲ್ಲಿ ಲೇತ್ ಇಟ್ಟುಕೊಂಡು ಕಟ್ಟುವ ಪುಟ್ಟ ಉಗಿ ಎಂಜಿನ್‌ಗಳು ಮೂರೂವರೆ ಇಂಚು ಅಂತರದ ಹಳಿಗಳ ಮೇಲೆ, ಕಲ್ಲಿದ್ದಲು ತಿಂದು, ದೊಡ್ಡವರನ್ನೇ ಎಳೆಯುತ್ತವೆ. 1898ರಲ್ಲಿ ಶುರುವಾದ ‘ಮಾಡೆಲ್ ಎಂಜಿನಿಯರ್’ ಪತ್ರಿಕೆ ಇಂಥವುಗಳ ನಕ್ಷೆಗಳನ್ನು ಕಂತುಕಂತಾಗಿ ಅಚ್ಚು ಹಾಕಿತು. ಇಷ್ಟೊಂದು ಅಳತೆಗಳ ನಡುವೆ ತಪ್ಪು ನುಸುಳದಿದ್ದರೇ ಆಶ್ಚರ್ಯ. ಫ್ರೇಮಿನ ಹಾಳೆಯಲ್ಲಿ ಗಾಲಿಯಚ್ಚುಗಳ ಅಂತರ ಒಂದಾದರೆ, ಗಾಲಿಗಳನ್ನು ಒಂದಕ್ಕೊಂದು ಜೋಡಿಸುವ ಕಪ್ಲಿಂಗ್ ರಾಡಿನ ಹಾಳೆಯಲ್ಲಿ ಇನ್ನೊಂದಿರಬಹುದು.

ನನಗೆ ಮೆಚ್ಚುಗೆಯಾಗುವುದು ಪಳಗಿದವರ ಅನುಮಾನ. ಸಿಲಿಂಡರಿಗೆ ಉಗಿ ಬಿಟ್ಟು ತಡೆಯುವ ವಾಲ್ವ್ ಗೇರನ್ನು ಮೊದಲು ರಟ್ಟಿನಲ್ಲಿ ಕತ್ತರಿಸಿ, ಗುಂಡುಸೂಜಿ ಚುಚ್ಚಿ, ಪೂರ್ತಿ ಒಂದು ಸುತ್ತು ತಿರುಗಿಸಿ ನೋಡುತ್ತಾರೆ. ತಡೆದಲ್ಲೆಲ್ಲ ಪೆನ್ಸಿಲ್ ಗುರುತು. ರಾಡಿಗೆ ತೂತು ಕೊರೆಯುವುದೂ ಅಷ್ಟೇ, ಕೂಡಿಸಿಟ್ಟ ಗಾಲಿಯಚ್ಚುಗಳ ನಿಜವಾದ ಅಂತರಕ್ಕೆ. ಕಾಗದ ಏನೇ ಹೇಳಲಿ!

ಹೊಸದಾಗಿ ಕೈ ಹಾಕುವವರೇ, ಲೋಹಕ್ಕೆ ಗರಗಸ ಇಡುವ ಮುನ್ನ ಹಾಳೆಗಳನ್ನೆಲ್ಲ ಒಂದಕ್ಕೊಂದು ತಾಳೆ ನೋಡಿ.