ಊರ ಹೆಸರಿನಲ್ಲಿ ಸಂಧಿ: ‘ದೊಡ್ಡಆಲಹಳ್ಳಿ’ ಎಂಬ ಬರೆಹದ ವಿಮರ್ಶೆ

ಕನಕಪುರ ತಾಲ್ಲೂಕಿನ ಒಂದು ಗ್ರಾಮದ ಹೆಸರು ಮೂರು ಬಗೆಯಾಗಿ ಬರೆಯಲ್ಪಡುತ್ತಿದೆ. ‘ದೊಡ್ಡಆಲಹಳ್ಳಿ’ ಎಂಬುದು ಒಂದು. ‘ದೊಡ್ಡಾಲಹಳ್ಳಿ’ ಎಂಬುದು ಮತ್ತೊಂದು. ‘ದೊಡ್ಡ ಆಲಹಳ್ಳಿ’ ಎಂದು ನಡುವೆ ತೆರಪು ಬಿಟ್ಟು ಬರೆಯುವುದು ಮೂರನೆಯದು. ಊರು ಒಂದೇ, ಬರೆಹ ಮಾತ್ರ ಮೂರು. ಇವುಗಳಲ್ಲಿ ಶುದ್ಧವಾವುದು, ಅಶುದ್ಧವಾವುದು, ಅಶುದ್ಧವೆಂದು ತೋರಿದುದನ್ನು ತಿದ್ದುವ ಅಧಿಕಾರ ಯಾರದು ಎಂಬ ಪ್ರಶ್ನೆಗಳು ಮೇಲ್ನೋಟಕ್ಕೆ ಅಲ್ಪವೆಂದು ಕಾಣಬಹುದು. ಆದರೆ ನಾಮಫಲಕಗಳಲ್ಲಿಯೂ ನಿತ್ಯದ ಬರೆವಣಿಗೆಯಲ್ಲಿಯೂ ಕಂಡುಬರುವ ತಪ್ಪುಗಳನ್ನು ಯಾವ ಅಳತೆಗೋಲಿನಿಂದ ಅಳೆಯಬೇಕೆಂಬ ವಿಚಾರವು ಇವುಗಳಲ್ಲಿಯೇ ಅಡಗಿರುವುದು.

ಈ ವಿಚಾರಕ್ಕೆ ತಕ್ಕ ಸಮಯವೂ ಒದಗಿದೆ. ೨೦೦೭ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟ ರಾಮನಗರ ಜಿಲ್ಲೆಗೆ ೨೦೨೫ರಲ್ಲಿ ರಾಜ್ಯಸರ್ಕಾರವು ‘ಬೆಂಗಳೂರು ದಕ್ಷಿಣ’ ಎಂಬ ಹೆಸರನ್ನಿತ್ತಿತು. ಜಿಲ್ಲೆಯ ಹೆಸರು ಬದಲಾದಾಗ ಅದರೊಳಗಣ ಊರುಗಳ ಫಲಕಗಳನ್ನೂ ಮೊಹರುಗಳನ್ನೂ ಹೊಸದಾಗಿ ಬರೆಯಿಸಬೇಕಾಗುವುದು. ಇದಲ್ಲದೆ ೨೦೨೨ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ ೨೦೨೪ರಲ್ಲಿ ಆದ ತಿದ್ದುಪಡಿಯು ಅಂಗಡಿ ಮೊದಲಾದವುಗಳ ನಾಮಫಲಕಗಳಲ್ಲಿ ಶೇಕಡ ೬೦ರಷ್ಟು ಕನ್ನಡವಿರಬೇಕೆಂದು ವಿಧಿಸಿತು. ಫಲಕದಲ್ಲಿ ಕನ್ನಡದ ಪಾಲು ಹೆಚ್ಚಿದುದು ಸಂತೋಷದ ಸಂಗತಿಯೇ. ಆದರೆ ಪಾಲು ಹೆಚ್ಚಿದ ಮಾತ್ರದಿಂದ ಶುದ್ಧಿಯು ತಾನಾಗಿ ಬಾರದು. ತಪ್ಪು ಬರೆದಲ್ಲಿ ಆ ತಪ್ಪಿಗೂ ಅಷ್ಟೇ ಸ್ಥಳ ದೊರೆಯುವುದು.

ಫಲಕಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪುಗಳನ್ನು ಮೊದಲು ವಿಂಗಡಿಸಬಹುದು. ಅಚ್ಚಗನ್ನಡದ ಮಾತುಗಳಲ್ಲಿ ಮಹಾಪ್ರಾಣಗಳು ಇಲ್ಲವೆಂಬಷ್ಟು ವಿರಳ. ಸಂಸ್ಕೃತದಿಂದ ಬಂದ ಶಬ್ದಗಳಲ್ಲಿ ಅವು ಇದ್ದರೂ ಬಳಕೆಯ ಮಾತಿನಲ್ಲಿ ದಕಾರ ಧಕಾರಗಳ ಭೇದ ಸ್ಫುಟವಾಗಿ ಕೇಳಿಸದು. ಆದಕಾರಣ ‘ಧನ್ಯವಾದ’ವು ‘ದನ್ಯವಾದ’ವಾಗುತ್ತದೆ. ಇದು ಅಜ್ಞಾನದ ತಪ್ಪು. ಇದಕ್ಕಿಂತ ವಿಚಾರಾರ್ಹವಾದುದು ಅತಿಶುದ್ಧಿಯ ಮೋಹದಿಂದಾದ ತಪ್ಪು. ಮಹಾಪ್ರಾಣವಿದ್ದರೆ ಶಬ್ದಕ್ಕೆ ಗೌರವ ಹೆಚ್ಚೆಂದು ಭ್ರಮಿಸಿದವನು ‘ಮದ್ಯಪಾನ’ವನ್ನು ‘ಮಧ್ಯಪಾನ’ವೆಂದು ಬರೆಯುವನು. ಮದ್ಯವೆಂದರೆ ಸುರೆ, ಮಧ್ಯವೆಂದರೆ ನಡು. ಸುರೆಯನ್ನು ನಿಷೇಧಿಸಲು ನಿಲ್ಲಿಸಿದ ಫಲಕವು ಹೀಗೆ ನಡುವನ್ನು ಕುಡಿಯಬಾರದೆಂದು ಆಜ್ಞಾಪಿಸಿದಂತಾಗುತ್ತದೆ. ‘ಶುಭಾಶಯ’ವನ್ನು ‘ಶುಭಾಷಯ’ವೆಂದೂ ‘ವಿಶೇಷ’ವನ್ನು ‘ವಿಷೇಶ’ವೆಂದೂ ಬರೆಯುವಲ್ಲಿ ಶಕಾರ ಷಕಾರಗಳು ಸ್ಥಾನ ತಪ್ಪಿವೆ. ‘ಶ್ರುತಿ’ಯು ‘ಶೃತಿ’ಯಾಗುವುದಕ್ಕೆ ಕನ್ನಡದ ನಾಲಗೆಯಲ್ಲಿ ಋಕಾರಕ್ಕೂ ‘ರು’ವಿಗೂ ಭೇದವಿಲ್ಲದಿರುವುದೇ ಕಾರಣ. ಇನ್ನು ಯಂತ್ರದಿಂದ ಹುಟ್ಟಿದ ತಪ್ಪೊಂದಿದೆ: ಅನುಸ್ವಾರವನ್ನು ಒತ್ತಬೇಕಾದಲ್ಲಿ ಸೊನ್ನೆಯ ಅಂಕವನ್ನು ಒತ್ತುವುದು. ಕಣ್ಣಿಗೆ ಎರಡೂ ಒಂದೇ ದುಂಡು. ಗಣಕಯಂತ್ರಕ್ಕೆ ಒಂದು ಅಕ್ಷರ, ಇನ್ನೊಂದು ಸಂಖ್ಯೆ.

ಇವೆಲ್ಲಕ್ಕೂ ಸಮಾನವಾದ ಒಂದು ಲಕ್ಷಣವುಂಟು. ನಿಘಂಟನ್ನು ತೆರೆದೊಡನೆ ವಿವಾದ ಮುಗಿಯುವುದು. ‘ಮಧ್ಯಪಾನ’ದ ಪಕ್ಷವನ್ನು ವಹಿಸಿ ವಾದಿಸುವವರು ಯಾರೂ ಇಲ್ಲ. ಊರ ಹೆಸರಿನ ಸಂಗತಿ ಹಾಗಲ್ಲ. ಅಲ್ಲಿ ನಿಘಂಟು ತೀರ್ಪುಗಾರನಾಗದು. ವ್ಯಾಕರಣವನ್ನೂ ರೂಢಿಯನ್ನೂ ಜೊತೆಯಾಗಿ ವಿಚಾರಿಸಬೇಕಾಗುವುದು.

ವ್ಯಾಕರಣದ ಪಕ್ಷ ಸ್ಪಷ್ಟವಾಗಿದೆ. ಸ್ವರದ ಮುಂದೆ ಸ್ವರ ಬಂದಲ್ಲಿ ಕನ್ನಡದಲ್ಲಿ ಪೂರ್ವಸ್ವರಕ್ಕೆ ಲೋಪವಾಗುವುದು, ಇಲ್ಲವೆ ಯಕಾರವೋ ವಕಾರವೋ ಆಗಮವಾಗುವುದು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದ ಸಂಧಿಪ್ರಕರಣದಲ್ಲಿ ನಿರೂಪಿಸಿದ ಈ ಕ್ರಮವನ್ನೇ ಇಂದಿನ ಶಾಲೆಯ ಮಕ್ಕಳೂ ಕಲಿಯುವರು. ಇದರಂತೆ ‘ದೊಡ್ಡ’ ಎಂಬುದರ ಕೊನೆಯ ಅಕಾರವು ಲೋಪಿಸಿ, ಮುಂದಣ ಆಕಾರವು ಡಕಾರದ ಒತ್ತಿನೊಡನೆ ಕೂಡಿ, ‘ದೊಡ್ಡಾಲಹಳ್ಳಿ’ ಎಂದಾಗುವುದು. ಅಕಾರ ಆಕಾರಗಳು ಬೆರೆತು ದೀರ್ಘವಾಯಿತೆಂದು, ಎಂದರೆ ಇದು ಸವರ್ಣದೀರ್ಘವೆಂದು, ಭಾವಿಸಬಾರದು. ‘ಶುಭ’ ‘ಆಶಯ’ ಎಂಬ ಸಂಸ್ಕೃತಶಬ್ದಗಳು ‘ಶುಭಾಶಯ’ವಾಗುವುದು ಆ ಸಂಧಿಯಿಂದ. ಕನ್ನಡಶಬ್ದಗಳಲ್ಲಿ ನಡೆಯುವುದು ಲೋಪವೆಂಬುದಕ್ಕೆ ‘ದೊಡ್ಡಪ್ಪ’, ‘ದೊಡ್ಡಮ್ಮ’ ಎಂಬ ಮನೆಮಾತುಗಳೇ ಸಾಕ್ಷಿ. ಸವರ್ಣದೀರ್ಘವಾಗಿದ್ದರೆ ಅವು ‘ದೊಡ್ಡಾಪ್ಪ’, ‘ದೊಡ್ಡಾಮ್ಮ’ ಎಂದಾಗಬೇಕಾಗಿತ್ತು.

ಊರ ಹೆಸರುಗಳಿಗೆ ಈ ನಿಯಮ ಸಲ್ಲದೆನ್ನುವವರಿಗೆ ನೆರೆಯ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕು ಉತ್ತರ ಕೊಡುವುದು. ಅಲ್ಲಿ ದೊಡ್ಡರಸಿನಕೆರೆ, ಚಿಕ್ಕರಸಿನಕೆರೆ ಎಂಬ ಎರಡು ಊರುಗಳಿವೆ. ದೊಡ್ಡ, ಚಿಕ್ಕ ಎಂಬವುಗಳ ಕೊನೆಯ ಅಕಾರವು ಎರಡರಲ್ಲಿಯೂ ಲೋಪವಾಗಿದೆ. ‘ಅರಸಿನಕೆರೆ’ಯ ಗುರುತು ಅದರಿಂದ ಅಳಿಸಿಹೋಗಿಲ್ಲ. ಹೀಗಿರಲು ‘ದೊಡ್ಡಾಲಹಳ್ಳಿ’ ಎಂದು ಬರೆದರೆ ಆಲವು ಮರೆಯಾಗುವುದೆಂಬ ಶಂಕೆಗೆ ಆಧಾರವಿಲ್ಲ.

ತೆರಪು ಬಿಟ್ಟು ಬರೆಯುವುದೂ ಸಾಧುವೇ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಗೆ ಸಮೀಪದಲ್ಲಿರುವ ಪ್ರಸಿದ್ಧ ವಟವೃಕ್ಷವನ್ನು ‘ದೊಡ್ಡ ಆಲದ ಮರ’ವೆಂದು ಬಿಡಿಬಿಡಿಯಾಗಿ ಬರೆಯುವರು, ಪದಗಳು ಬೇರೆ ನಿಂತುದರಿಂದ ಸ್ವರಾಕ್ಷರವು ಪದದ ಮೊದಲಲ್ಲಿಯೇ ಇರುವುದು. ‘ಗ್ರಾಮ ಆಡಳಿತಾಧಿಕಾರಿ’ ಎಂಬ ಹುದ್ದೆಯ ಹೆಸರಿನಲ್ಲಿ ಎರಡು ಕ್ರಮಗಳೂ ಒಟ್ಟಿಗೆ ಕಾಣುವುವು: ಮೊದಲು ತೆರಪು, ಬಳಿಕ ಸಂಧಿ. ಕೂಡಿಸಿದರೆ ಸಂಧಿ, ಸಂಧಿ ಬೇಡವಾದರೆ ತೆರಪು. ಕನ್ನಡ ಬರೆವಣಿಗೆಯ ಮರ್ಯಾದೆ ಇದು. ‘ದೊಡ್ಡಆಲಹಳ್ಳಿ’ ಎಂಬುದು ಕೂಡಿಸಿಯೂ ಸಂಧಿಮಾಡದ, ಬಿಡಿಸಿಯೂ ತೆರಪನ್ನು ಕೊಡದ ಬರೆಹವಾಗಿರುವುದು.

ಇದಕ್ಕೆ ಒಂದು ಆಕ್ಷೇಪವುಂಟು. ಪತ್ರಿಕೆಗಳಲ್ಲಿ ‘ಸಿಐಡಿ’, ‘ಐಎಎಸ್’ ಎಂದು ಸ್ವರಾಕ್ಷರಗಳು ನಡುವೆ ಬರುತ್ತಿಲ್ಲವೆ ಎಂದು ಕೇಳಬಹುದು. ಬರುತ್ತಿರುವುದು ನಿಜ. ಆದರೆ ಅಲ್ಲಿ ಒಂದೊಂದು ಅಕ್ಷರವೂ ಒಂದೊಂದು ಇಂಗ್ಲಿಷ್ ಶಬ್ದದ ಪ್ರತಿನಿಧಿ, ಪ್ರತ್ಯೇಕವಾಗಿಯೇ ಉಚ್ಚರಿಸಲ್ಪಡುವುದು. ಸಮಾಸವಾಗಿ ಒಂದೇ ಉಸಿರಿನಲ್ಲಿ ನುಡಿಯುವ ಊರ ಹೆಸರಿಗೆ ಅದು ನಿದರ್ಶನವಾಗಲಾರದು.

ಹಾಗಾದರೆ ಇಂತಹ ಬರೆಹ ಹುಟ್ಟಿದುದೇಕೆ? ಇಂಗ್ಲಿಷಿನಲ್ಲಿ ಅಕ್ಷರ ಲೋಪವಾದ ಸ್ಥಳವನ್ನು ಅಪಾಸ್ಟ್ರಫಿ ಎಂಬ ಮೇಲುಕೊಕ್ಕೆಯಿಂದ ತೋರಿಸುವರು. ಸಂಸ್ಕೃತದಲ್ಲಿ ಏಕಾರ ಓಕಾರಗಳ ಮುಂದೆ ಲೋಪಿಸಿದ ಅಕಾರಕ್ಕೆ ಅವಗ್ರಹಚಿಹ್ನೆಯುಂಟು. ಕನ್ನಡದ ಲೋಪಸಂಧಿಗೆ ಯಾವ ಚಿಹ್ನೆಯೂ ಇಲ್ಲ. ಹೋದ ಸ್ವರ ಗುರುತಿಲ್ಲದೆ ಹೋಗುವುದು. ಎರಡು ಅಂಗಗಳೂ ಕಣ್ಣಿಗೆ ಕಾಣಬೇಕೆಂದು ಬಯಸಿದ ಲೇಖಕನಿಗೆ ಇಡೀ ಸ್ವರಾಕ್ಷರವನ್ನು ನಡುವೆ ನಿಲ್ಲಿಸುವುದು ಸುಲಭೋಪಾಯವಾಗಿ ತೋರಿರಬೇಕು. ರೋಮನ್ ಲಿಪಿಯ ಫಲಕದಲ್ಲಿ ಎರಡು ‘ಎ’ ಅಕ್ಷರಗಳು ಸಂಧಿಯಾದುದಕ್ಕೂ ಆಗದುದಕ್ಕೂ ಸಮನಾಗಿ ಸಲ್ಲುವುದರಿಂದ ಅಲ್ಲಿ ನಿರ್ಣಯವೇ ಬೇಕಾಗುವುದಿಲ್ಲ. ಕನ್ನಡ ಲಿಪಿಯು ನಿರ್ಣಯವನ್ನು ಬೇಡುವುದು. ಲೇಖಕನ ಉದ್ದೇಶ ನಿಂದ್ಯವಲ್ಲ. ಉಪಾಯ ಮಾತ್ರ ಲಿಪಿಗೆ ಒಗ್ಗದುದು.

ಇಷ್ಟರಿಂದ ಬಣ್ಣದ ಕುಂಚವನ್ನು ಹಿಡಿದವನೊಬ್ಬನು ಹೋಗಿ ಫಲಕವನ್ನು ತಿದ್ದಬಹುದೆಂದು ಸಿದ್ಧಿಸುವುದಿಲ್ಲ. ಊರ ಹೆಸರು ಫಲಕದಲ್ಲಿ ಮಾತ್ರವಿರದೆ ಪಹಣಿ, ಪಡಿತರ ಚೀಟಿ, ಶಾಲೆಯ ದಾಖಲೆಗಳಲ್ಲಿಯೂ ಇರುವುದು. ‘ಭೂಮಿ’ ಯೋಜನೆಯಿಂದ ೨೦೦೦ದ ಸುಮಾರಿಗೆ ಜಮೀನಿನ ದಾಖಲೆಗಳು ಗಣಕಯಂತ್ರಕ್ಕೆ ಏರಿದ ಮೇಲೆ ಅಕ್ಷರಭೇದಕ್ಕೆ ಹೊಸ ತೂಕ ಬಂದಿತು. ಓದುವ ಗುಮಾಸ್ತನು ಮೂರು ಬರೆಹಗಳಲ್ಲಿಯೂ ಒಂದೇ ಊರನ್ನು ಕಾಣುವನು. ಅಕ್ಷರಕ್ಕೆ ಅಕ್ಷರವನ್ನು ಹೋಲಿಸುವ ಯಂತ್ರವು ಮೂರು ಊರುಗಳನ್ನು ಕಾಣುವುದು. ಒಂದು ಕಾಗದದಲ್ಲಿ ಹೆಸರನ್ನು ತಿದ್ದಿ ಇನ್ನೊಂದರಲ್ಲಿ ಹಾಗೆಯೇ ಬಿಟ್ಟರೆ, ವ್ಯಾಕರಣಕ್ಕೆ ಬಂದ ಲಾಭವು ರೈತನಿಗೆ ನಷ್ಟವಾಗಿ ಪರಿಣಮಿಸುವುದು.

ಅನ್ಯದೇಶಗಳ ಅನುಭವವೂ ಇದನ್ನೇ ಹೇಳುವುದು. ಅಮೆರಿಕದಲ್ಲಿ ೧೮೯೦ರಲ್ಲಿ ಸ್ಥಾಪಿತವಾದ ಸ್ಥಳನಾಮಮಂಡಲಿಯು ಊರ ಹೆಸರುಗಳಲ್ಲಿ ಷಷ್ಠಿಯ ಮೇಲುಕೊಕ್ಕೆಯನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ‘ಮಾರ್ಥಾಸ್ ವಿನ್‌ಯಾರ್ಡ್’ ಮೊದಲಾದ ಕೆಲವಕ್ಕೆ ಮಾತ್ರ ವಿನಾಯಿತಿಯುಂಟು. ವ್ಯಾಕರಣದ ದೃಷ್ಟಿಯಿಂದ ಇದು ಚರ್ಚಾಸ್ಪದವಾದರೂ ಬರೆಹದಲ್ಲಿ ಏಕರೂಪವನ್ನು ತಂದಿತು. ಇಂಗ್ಲೆಂಡಿನ ಉತ್ತರ ಯಾರ್ಕ್‌ಷೈರಿನ ಆಡಳಿತವು ೨೦೨೪ರಲ್ಲಿ ಗಣಕಯಂತ್ರದ ಸೌಕರ್ಯಕ್ಕಾಗಿ ಬೀದಿಯ ಫಲಕಗಳಿಂದ ಆ ಚಿಹ್ನೆಯನ್ನು ತೆಗೆಯಹೊರಟು, ಜನರ ವಿರೋಧದಿಂದ ಅದೇ ವರ್ಷ ಹಿಂದೆಗೆಯಿತು. ನಿರ್ಣಯವು ಅಧಿಕೃತವಾಗಿರಬೇಕು, ಜನರಿಗೆ ಒಪ್ಪಿಗೆಯೂ ಆಗಿರಬೇಕು ಎಂಬುದು ಇವೆರಡರ ಸಾರ. ಕರ್ನಾಟಕದಲ್ಲಿಯೇ ೨೦೧೪ರ ನವೆಂಬರ್ ೧ರಂದು ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳು ಕನ್ನಡದ ಉಚ್ಚಾರಣೆಗೆ ಅನುಸಾರವಾಗಿ ಬದಲಾದುದು ಸರ್ಕಾರದ ಆಜ್ಞೆಯಿಂದ.

ಆದುದರಿಂದ ತಪ್ಪುಗಳನ್ನು ಎರಡಾಗಿ ವಿಭಾಗಿಸುವುದು ಯುಕ್ತ. ‘ಮಧ್ಯಪಾನ’, ‘ಶುಭಾಷಯ’ ಮೊದಲಾದುವನ್ನು ಕಂಡವರು ಕಂಡಲ್ಲಿ ತಿದ್ದಬಹುದು. ಅವುಗಳಿಗೆ ರೂಢಿಯ ರಕ್ಷಣೆಯಿಲ್ಲ. ಊರ ಹೆಸರಿನ ಬರೆಹವನ್ನು ವಿದ್ವಾಂಸರು ವಿಮರ್ಶಿಸಬಹುದು; ತಿದ್ದುವ ಅಧಿಕಾರವು ಗ್ರಾಮಸ್ಥರ ಸಮ್ಮತಿಯನ್ನು ಪಡೆದ ಸರ್ಕಾರದ್ದು. ‘ದೊಡ್ಡಾಲಹಳ್ಳಿ’ ಎಂಬುದು ವ್ಯಾಕರಣಕ್ಕೂ ನುಡಿಗೂ ಒಪ್ಪುವ ರೂಪ. ‘ದೊಡ್ಡ ಆಲಹಳ್ಳಿ’ ಎಂಬುದು ಗ್ರಾಹ್ಯ. ‘ದೊಡ್ಡಆಲಹಳ್ಳಿ’ ಎಂಬುದು ಅರ್ಥವನ್ನು ಕೆಡಿಸದಿದ್ದರೂ ಲಿಪಿಯ ಕ್ರಮವನ್ನು ಕೆಡಿಸುವ ರೂಪ. ಹೊಸ ಫಲಕಗಳು ಏಳುವ ಮುನ್ನವೇ ಒಂದು ರೂಪವನ್ನು ಗೊತ್ತುಮಾಡಿ, ಎಲ್ಲ ದಾಖಲೆಗಳಲ್ಲಿಯೂ ಒಂದೇ ದಿನದಿಂದ ಅದನ್ನು ಜಾರಿಗೆ ತಂದು, ಉಳಿದೆರಡನ್ನು ಪರ್ಯಾಯರೂಪಗಳೆಂದು ಸೂಚಿಯಲ್ಲಿ ಉಳಿಸಿಕೊಂಡರೆ, ಸಂಧಿಯೂ ಉಳಿಯುವುದು, ಊರವರ ಹಳೆಯ ಕಾಗದಗಳ ಮಾನ್ಯತೆಯೂ ಉಳಿಯುವುದು.