ನಕ್ಷತ್ರಗಳ ಕೆಳಗಿನ ಅಂಕೆ

ನಮ್ಮೂರಾದ ಖಾರಘರದ ಅಂಗಡಿಯೊಂದಕ್ಕೆ ಕಳೆದ ಏಪ್ರಿಲಿನಲ್ಲಿ ನೆರೆಮನೆಯವರೊಡನೆ ಏ.ಸಿ. ಕೊಳ್ಳಲು ಹೋಗಿದ್ದಾಗ, ಮಾರುವವನು ಯಂತ್ರದ ಗುಣಾವಗುಣಗಳಲ್ಲೊಂದನ್ನೂ ವಿವರಿಸದೆ, "ಫೈವ್ ಸ್ಟಾರ್ ಆಹೇ" ಎಂಬ ಒಂದೇ ಮಾತಿನಿಂದ ವ್ಯಾಪಾರವನ್ನು ಮುಗಿಸಿದುದನ್ನು ಕಂಡೆನು. ಆ ಮಾತಿಗೆ ಅಷ್ಟು ಅಧಿಕಾರ ಪ್ರಾಪ್ತವಾದುದು ಹೇಗೆ, ಅದು ಎಷ್ಟರಮಟ್ಟಿಗೆ ನ್ಯಾಯವಾದುದು ಎಂಬ ವಿಚಾರ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

2001ರ ಇಂಧನ ಸಂರಕ್ಷಣಾ ಕಾಯಿದೆಯ ಫಲವಾಗಿ ಹುಟ್ಟಿದ ಇಂಧನ ದಕ್ಷತಾ ಬ್ಯೂರೋ 2006ರಲ್ಲಿ ಯಂತ್ರಗಳಿಗೆ ನಕ್ಷತ್ರಗಳನ್ನು ಕೊಡುವ ಈ ಚೀಟಿಯನ್ನು ಆರಂಭಿಸಿತು, 2010ರಿಂದ ಏ.ಸಿ.ಗೂ ತಾನಾಗಿ ಹಿಮ ಕರಗಿಸುವ ಫ್ರಿಜ್ಜಿಗೂ ಅದು ಕಡ್ಡಾಯವಾಯಿತು. ತಯಾರಕನ ಜಾಹೀರಾತಿನ ಹೊರತು ಬೇರೆ ಆಧಾರವಿಲ್ಲದಿದ್ದ ಗ್ರಾಹಕನ ಕೈಗೆ ಒಂದು ಅಳತೆಗೋಲನ್ನಿತ್ತ ಈ ಉಪಕಾರ ಸಾಮಾನ್ಯವಾದುದಲ್ಲ.

ಆದರೆ ಚೀಟಿಯಲ್ಲಿ ಕಣ್ಣನ್ನು ಸೆಳೆಯುವ ನಕ್ಷತ್ರ ಸಾಪೇಕ್ಷವಾದುದು. ವರ್ಷಕ್ಕೆ ಇಷ್ಟು ಯೂನಿಟ್ ಎಂದು ಹೇಳುವ ಅಂಕೆಯೇ ನಿಜವಾದ ಮಾತು. ಫ್ರಿಜ್ಜಿನ ನಕ್ಷತ್ರವನ್ನು ಅದರ ಗಾತ್ರಕ್ಕೆ ತಕ್ಕಂತೆ ನಿರ್ಣಯಿಸುವುದರಿಂದ, ಹೆಚ್ಚು ನಕ್ಷತ್ರಗಳನ್ನು ಧರಿಸಿದ ದೊಡ್ಡ ಫ್ರಿಜ್ಜು ಕಡಿಮೆ ನಕ್ಷತ್ರದ ಚಿಕ್ಕದಕ್ಕಿಂತ ಅಧಿಕ ವಿದ್ಯುತ್ತನ್ನು ಬೇಡಬಹುದು. ಕಾಲವೂ ನಕ್ಷತ್ರದ ಬೆಲೆಯನ್ನು ಬದಲಿಸುತ್ತದೆ: 2022ರ ಜುಲೈನಲ್ಲಿ ಮಾನದಂಡ ಬಿಗಿಯಾದಾಗ, ಅದುವರೆಗೆ ಐದು ನಕ್ಷತ್ರಗಳಿಂದ ಮೆರೆದ ಎಷ್ಟೋ ಏ.ಸಿ.ಗಳು ನಾಲ್ಕಕ್ಕೆ ಇಳಿದುವು.

ಇದಕ್ಕಿಂತ ಗಂಭೀರವಾದ ಆಕ್ಷೇಪ ಬೇರೊಂದಿದೆ. ಏ.ಸಿ.ಯ ವಾರ್ಷಿಕ ಅಂಕೆ ವರ್ಷಕ್ಕೆ 1,600 ಗಂಟೆಗಳ ಬಳಕೆಯನ್ನೂ ಹೊರಗೆ 24ರಿಂದ 43 ಡಿಗ್ರಿಯವರೆಗಿನ ಉಷ್ಣವನ್ನೂ ಇಡೀ ದೇಶಕ್ಕೆ ಏಕರೂಪವಾಗಿ ಕಲ್ಪಿಸಿಕೊಂಡುದು. ಬಳ್ಳಾರಿಯ ಒಣಬಿಸಿಲಿಗೂ ಪನವೇಲ ಖಾರಿಯ ತೇವವನ್ನು ಹೊತ್ತ ನಮ್ಮ ಸೆಕೆಗೂ ಅದು ಭೇದವೆಣಿಸದು. ಏಪ್ರಿಲ್, ಮೇ, ಅಕ್ಟೋಬರ್ ಈ ಮೂರು ತಿಂಗಳು, ರಾತ್ರಿಗೆ ಎಂಟು ಗಂಟೆಯಂತೆ ಓಡಿಸುವ ಮನೆಯಲ್ಲಿ ಬಳಕೆ 736 ಗಂಟೆ ಮಾತ್ರ. ಎರಡು ಏ.ಸಿ.ಗಳ ಚೀಟಿಗಳ ನಡುವೆ 200 ಯೂನಿಟ್ಟುಗಳ ಅಂತರವಿದ್ದರೆ ಆ ಮನೆಗೆ ಉಳಿಯುವುದು ಸುಮಾರು 90. ಹಾಗೆಂದು ಅದನ್ನು ತುಚ್ಛವೆನ್ನಲಾಗದು: ನಮಗೆ ವಿದ್ಯುತ್ತನ್ನು ಒದಗಿಸುವ ಮಹಾವಿತರಣದ ಬಿಲ್ಲು 100, 300, 500 ಯೂನಿಟ್ಟುಗಳ ಮೆಟ್ಟಿಲುಗಳಲ್ಲಿ ಏರುವುದರಿಂದ, ಬೇಸಗೆಯಲ್ಲಿ ಉಳಿಯುವ ಯೂನಿಟ್ಟು ಮೇಲಿನ ಮೆಟ್ಟಿಲಿನ ದುಬಾರಿ ಯೂನಿಟ್ಟೇ ಆಗಿರುತ್ತದೆ.

ಆದರೆ ನಮ್ಮೂರಿನಲ್ಲಿ ಹಗಲಿರುಳು ತಿರುಗುವುದು ಫ್ಯಾನು. ಅದರ ಚೀಟಿಯನ್ನು ಓದುವವರೇ ವಿರಳ. ಪ್ರತಿ ವ್ಯಾಟಿಗೆ ಎಷ್ಟು ಗಾಳಿ ಬೀಸುವುದೆಂಬುದರ ಮೇಲೆ ಫ್ಯಾನಿಗೆ ನಕ್ಷತ್ರ ದೊರೆಯುತ್ತದೆ. 75 ವ್ಯಾಟಿನ ಹಳೆಯದನ್ನು ತೆಗೆದು 30 ವ್ಯಾಟಿನದನ್ನು ತೂಗುಹಾಕಿ ದಿನಕ್ಕೆ 12 ಗಂಟೆ ನಡೆಸಿದರೆ ವರ್ಷಕ್ಕೆ 197 ಯೂನಿಟ್ಟು ಉಳಿಯುತ್ತದೆ. ಮೂರು ಫ್ಯಾನುಗಳಿದ್ದರೆ 590ರಷ್ಟು. ಐದು ನಕ್ಷತ್ರದ ಏ.ಸಿ.ಗಾಗಿ ಸಾವಿರಾರು ರೂಪಾಯಿ ಹೆಚ್ಚು ತೆತ್ತು, ತಲೆಯ ಮೇಲೆ ಹಳೆಯ ಫ್ಯಾನನ್ನೇ ಉಳಿಸಿಕೊಳ್ಳುವ ಮನೆಗಳು ನಮ್ಮ ಸೊಸೈಟಿಯಲ್ಲಿಯೇ ಅನೇಕ.

ಚೀಟಿ ಒಳ್ಳೆಯದು, ಅದನ್ನು ನಾವು ಓದುವ ಕ್ರಮ ಅಪೂರ್ಣ: ಇದು ನನ್ನ ನಿರ್ಣಯ. ವಾಚಕರೇ, ಅಂಗಡಿಗೆ ಹೊರಡುವ ಮೊದಲು ನಿಮ್ಮ ಮನೆಯ ಯಾವ ಯಂತ್ರ ವರ್ಷಕ್ಕೆ ಎಷ್ಟು ಗಂಟೆ ಓಡುವುದೆಂದು ಬರೆದುಕೊಳ್ಳಿರಿ. ಅಲ್ಲಿ ನಕ್ಷತ್ರಗಳನ್ನು ಎಣಿಸಿದ ಮೇಲೆ, ಯೂನಿಟ್ಟಿನ ಅಂಕೆಯನ್ನೂ ಚೀಟಿಯ ಅವಧಿಯನ್ನೂ ಕೇಳಿ ಓದಿಸಿಕೊಳ್ಳಿರಿ.