ಸೋಲಿನ ಕಡೆಗೆ ನಡೆದ ಪಕ್ಷಾಂತರಿ

ಪಕ್ಷ ಬಿಡುವವರು ಸಾಮಾನ್ಯವಾಗಿ ಗಾಳಿ ಬೀಸುವ ಕಡೆ ನೋಡಿಕೊಂಡೇ ಹೊರಡುತ್ತಾರೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ರೆನೆ ಲೆವೆಕ್ ಹಾಗೆ ಮಾಡಲಿಲ್ಲ. 1967ರ ಅಕ್ಟೋಬರ್‌ನಲ್ಲಿ ಲಿಬರಲ್ ಸಮಾವೇಶದಿಂದ ಎದ್ದು ಹೊರನಡೆದು, ಮರುವರ್ಷ ಕ್ವಿಬೆಕ್ ಸ್ವಾತಂತ್ರ್ಯ ಬಯಸುವ ಪಾರ್ಟಿ ಕೆಬೆಕ್ವಾ ಪಕ್ಷ ಕಟ್ಟಿದರು. 1970ರಲ್ಲಿ ಪಕ್ಷಕ್ಕೆ ಶೇ 23ರಷ್ಟು ಮತ ಬಿದ್ದರೂ ದಕ್ಕಿದ್ದು 108ರಲ್ಲಿ 7 ಸ್ಥಾನ. 1973ರಲ್ಲಿ ಮತ ಶೇ 30ಕ್ಕೇರಿತು, ಸ್ಥಾನ 6ಕ್ಕಿಳಿಯಿತು. ಎರಡೂ ಸಲ ಲೆವೆಕ್ ತಾವೇ ಸೋತರು.

ಆದರೂ ಜನ ಅವರನ್ನು ನಂಬಿದ್ದಕ್ಕೆ ಕಾರಣವಿತ್ತು. 1950ರ ದಶಕದಲ್ಲಿ ಟಿ.ವಿ.ಯಲ್ಲಿ ನಕಾಶೆ, ಕರಿಹಲಗೆ ಇಟ್ಟುಕೊಂಡು ದೂರದೇಶಗಳ ಬಿಕ್ಕಟ್ಟನ್ನು ಮನೆಮನೆಗೆ ತಿಳಿಯುವಂತೆ ಹೇಳುತ್ತಿದ್ದವರು ಅವರು. ಲಿಬರಲ್ ಮಂತ್ರಿಯಾದಾಗ ಖಾಸಗಿ ವಿದ್ಯುತ್ ಕಂಪನಿಗಳನ್ನು ಸರ್ಕಾರ ಏಕೆ ಕೊಳ್ಳಬೇಕೆಂದು ವಿವರಿಸಲೂ ಕರಿಹಲಗೆಯನ್ನೇ ಹಿಡಿದರು. 1962ರ ಚುನಾವಣೆ ಈ ವಿದ್ಯುತ್ ಕಂಪನಿಗಳ ವಿಷಯದ ಮೇಲೆಯೇ ನಡೆಯಿತು, ಪಕ್ಷ ಗೆದ್ದಿತು.

ಆದರೆ ಇಷ್ಟು ಚೆನ್ನಾಗಿ ವಿವರಿಸಬಲ್ಲವರು ತಮ್ಮ ಮುಖ್ಯ ಪ್ರಶ್ನೆಗೇ ಉತ್ತರ ಕೊಡಲಿಲ್ಲ. ಕ್ವಿಬೆಕ್ ಸ್ವತಂತ್ರವಾಗಬೇಕು, ಆದರೆ ಕೆನಡಾದ ಜೊತೆ ಕರೆನ್ಸಿ ಒಂದೇ ಇರಬೇಕು ಎಂಬುದು ಅವರ ಯೋಜನೆ. ಕರೆನ್ಸಿ ಒಂದಾದರೆ ರಾಜಕೀಯವಾಗಿ ಬೇರೆಯಾಗುವುದು ಹೇಗೆ ಎಂದು ಗೆಳೆಯ ರೊಬೇರ್ ಬುರಾಸಾ 1967ರಲ್ಲೇ ಕೇಳಿ, ಲಿಬರಲ್ ಪಕ್ಷದಲ್ಲೇ ಉಳಿದರು; 1970ರಲ್ಲಿ ಮುಖ್ಯಮಂತ್ರಿಯೂ ಆದರು. 1976ರಲ್ಲಿ 110ರಲ್ಲಿ 71 ಸ್ಥಾನ ಗೆದ್ದು ಅವರನ್ನು ಕೆಳಗಿಳಿಸಿದ ಲೆವೆಕ್, 1980ರ ಜನಮತಗಣನೆಯಲ್ಲಿ ಕೇಳಿದ್ದು ಸ್ವಾತಂತ್ರ್ಯವನ್ನಲ್ಲ, ಅದರ ಬಗ್ಗೆ ಮಾತುಕತೆ ನಡೆಸಲು ಅನುಮತಿ. ಇಷ್ಟು ಅಳುಕಿನ ಪ್ರಶ್ನೆಗೂ ಶೇ 60ರಷ್ಟು ಮತದಾರರು ಬೇಡವೆಂದರು.

ಚೌಕಾಸಿಯಲ್ಲೂ ಅವರು ಎಡವಿದರು. 1981ರ ನವೆಂಬರ್‌ನ ಸಂವಿಧಾನ ಕುರಿತ ಮಾತುಕತೆಯಲ್ಲಿ ಕೆನಡಾದ ಆಗಿನ ಪ್ರಧಾನಿ ಟ್ರುಡೊ ಎಸೆದ ಜನಮತಗಣನೆಯ ಸವಾಲನ್ನು, ಜೊತೆಗಿದ್ದ ಏಳು ಪ್ರಾಂತ್ಯಗಳನ್ನು ಕೇಳದೆ ಒಪ್ಪಿಬಿಟ್ಟರು. ಆ ರಾತ್ರಿ ಉಳಿದವರು ಅವರನ್ನು ಬಿಟ್ಟು ಒಪ್ಪಂದಕ್ಕೆ ಬಂದರು. ಕ್ವಿಬೆಕ್ ಇದನ್ನು ದ್ರೋಹವೆಂದೇ ನೆನೆಯುತ್ತದೆ. ಲೆವೆಕ್ ಅವರ ದುಡುಕನ್ನು ಅಷ್ಟಾಗಿ ನೆನೆಯುವುದಿಲ್ಲ.

ಅವರ ಹೆಸರಿನ ಜೊತೆ 1977ರ ಫ್ರೆಂಚ್ ಭಾಷಾ ಕಾನೂನು ಮೊದಲು ನೆನಪಾಗುತ್ತದೆ. ಅದು ಮುಖ್ಯವಾಗಿ ಸಚಿವ ಕಮೀಯ್ ಲೊರಾಂ ಅವರ ಕೂಸು. ಲೆವೆಕ್‌ಗೆ ಅದರ ಬಗ್ಗೆ ಮುಜುಗರವಿತ್ತು. ಅವರು ಹೆಮ್ಮೆಪಟ್ಟದ್ದು ಅದೇ ವರ್ಷದ ಇನ್ನೊಂದು ಕಾನೂನಿಗೆ: ಕಂಪನಿಗಳು, ಕಾರ್ಮಿಕ ಸಂಘಗಳು ಪಕ್ಷಗಳಿಗೆ ದುಡ್ಡು ಕೊಡುವಂತಿರಲಿಲ್ಲ; ಮತದಾರ ಮಾತ್ರ ಕೊಡಬಹುದಿತ್ತು, ಅದೂ ವರ್ಷಕ್ಕೆ 3,000 ಡಾಲರ್ ಮೀರದಂತೆ. ಸ್ವಂತ ಪಕ್ಷದ ಕೈಯನ್ನೂ ಕಟ್ಟುವ ಇಂಥ ಕಾನೂನನ್ನು ಅಧಿಕಾರದಲ್ಲಿದ್ದಾಗ ತರುವವರು ಅಪರೂಪ.

1983ರ ಆರಂಭದಲ್ಲಿ ಲೆವೆಕ್ ತಮ್ಮ ಪಕ್ಷದ ಬೆನ್ನೆಲುಬಾಗಿದ್ದ ಶಿಕ್ಷಕರ, ಸರ್ಕಾರಿ ನೌಕರರ ಸಂಬಳಕ್ಕೇ ಕತ್ತರಿ ಹಾಕಿದರು. 1984ರಲ್ಲಿ ಸ್ವಾತಂತ್ರ್ಯದ ಮಾತನ್ನು ಬದಿಗಿಟ್ಟಾಗ ಲೊರಾಂ, ಜಾಕ್ ಪಾರಿಜೊ ಸೇರಿ ಹಲವು ಸಚಿವರು ಸಂಪುಟ ಬಿಟ್ಟರು. ಮರುವರ್ಷ ಲೆವೆಕ್ ಮುಖ್ಯಮಂತ್ರಿ ಹುದ್ದೆ ತೊರೆದರು. ಡಿಸೆಂಬರ್ ಚುನಾವಣೆಯಲ್ಲಿ ಗೆದ್ದದ್ದು ಬುರಾಸಾ ಅವರ ಲಿಬರಲ್ ಪಕ್ಷ.